ತಲೆಕೆಳಗಾದ ಮೆಟ್ಟಿಲು

ಅಕ್ಕ: ಈ ಮಾನಿಟರಿನಲ್ಲಿರೋದು ಮೆಟ್ಟಿಲೇನೋ? ಸೂರಿಗೆ ನೇತುಹಾಕಿದ ಹಾಗಿದೆ! ಇದನ್ನ ಹತ್ತೋಕೆ ಬಾವಲಿಯಾಗಿ ಹುಟ್ಟಬೇಕು.

ತಮ್ಮ: ನಾನು ಪ್ರೋಗ್ರಾಮಿನ ಒಂದು ಸಾಲೂ ಮುಟ್ಟಿಲ್ಲ ಅಕ್ಕ. ನಿನ್ನಾಣೆಗೂ.

ಅಕ್ಕ: ಸುಳ್ಳಾಣೆ ಇಟ್ಟು ನನ್ನ ಸಾಯಿಸಬೇಡ. ನಿನ್ನೆ ಸಾಯಂಕಾಲ ನೆಟ್ಟಗೆ ನಿಂತಿತ್ತಲ್ಲ?

ತಮ್ಮ: ಬೆಳಿಗ್ಗೆ ಲೈಬ್ರರಿ ಅಪ್‌ಡೇಟ್ ಮಾಡಿದೆ, ಅಷ್ಟೇ.

ಅಕ್ಕ: ಮಾಡು ಅಂತ ಯಾರು ಅಂದ್ರು?

ತಮ್ಮ: ಅದೇ ಕೇಳ್ತು, ಮಾಡ್ಲಾ ಅಂತ. ಹೂಂ ಅಂದೆ.

ಅಕ್ಕ: ಬಾಗಿಲ ಚಿಲಕ ಸರಿ ಮಾಡೋ ಅಂತ ನಾನು ವರ್ಷದಿಂದ ಕೇಳ್ತಿದ್ದೀನಿ, ಒಂದು ದಿನ ಹೂಂ ಅಂದವನಲ್ಲ! ಸುಮ್ನಿರಲಾರದೆ ಇರುವೆ ಬಿಟ್ಕೊಂಡ್ರಂತೆ.

ಅಕ್ಕ ಮರದ ಮೆಟ್ಟಿಲು ಕಟ್ಟುವವಳು. ಅವಳ ಕೈಗೆ ಎಷ್ಟು ಹೆಸರಿದೆಯೋ ಅವಳ ಬಾಯಿಗೂ ಅಷ್ಟೇ ಇದೆ. ಕಟ್ಟುವ ಮೊದಲೇ ಗಿರಾಕಿಗೆ ಮೆಟ್ಟಿಲಿನ ಚಿತ್ರ ತೋರಿಸುವ ಪ್ರೋಗ್ರಾಮು ತಮ್ಮನದು. ಬಿಡಿಸುವ ಕಷ್ಟವನ್ನೆಲ್ಲ ಎಲ್ಲೋ ಕೂತ ಯಾರೋ ಬರೆದು ಧರ್ಮಕ್ಕೆ ಕೊಟ್ಟ ಸಿದ್ಧ ಪ್ರೋಗ್ರಾಮು, ಆ ಲೈಬ್ರರಿ, ಮಾಡುತ್ತದೆ. ಮೀಸೆ ತಿರುವುವುದು ಮಾತ್ರ ತಮ್ಮ. ಹನ್ನೊಂದಕ್ಕೆ ಗಿರಾಕಿ ಡಾಕ್ಟರಮ್ಮ ಬಂದು ಅವರ ಮನೆಯ ಮೆಟ್ಟಿಲಿನ ಚಿತ್ರ ನೋಡಿ ಸಹಿ ಹಾಕಬೇಕಿತ್ತು. ಆಗಲೇ ಹತ್ತೂವರೆ. ಅವರು ಒಲ್ಲೆನೆಂದರೆ ಅಕ್ಕ ಮುಳುಗಿದಂತೆಯೇ. ಒಪ್ಪೇ ಒಪ್ಪುತ್ತಾರೆಂಬ ಧೈರ್ಯದಲ್ಲಿ, ಎಡಕ್ಕೆ ತಿರುಗುವ ಆ ಮೆಟ್ಟಿಲಿಗೆ ಒಳ್ಳೇ ತೇಗವನ್ನು ಹೋದ ವಾರವೇ ಕುಯ್ದು ಗೋಡೆಗೆ ಒರಗಿಸಿಟ್ಟಿದ್ದಳು.

ತಮ್ಮ: ಸಿಕ್ತು ನೋಡು! ಆ ಲೈಬ್ರರಿ ಮೊದಲಿಂದಲೂ ಎಲ್ಲಾನೂ ತಲೆಕೆಳಗೆ ಬಿಡಿಸ್ತಿತ್ತು. ನಾನು ಅದನ್ನ ಮಗುಚಿ ನೆಟ್ಟಗೆ ತೋರಿಸ್ತಿದ್ದೆ. ಈಗ ಅವರೇ ನೆಟ್ಟಗೆ ಬಿಡಿಸ್ತಿದ್ದಾರೆ.

ಅಕ್ಕ: ಒಳ್ಳೇದಾಯ್ತಲ್ಲ.

ತಮ್ಮ: ನಾನಿನ್ನೂ ಮಗುಚ್ತಾನೇ ಇದ್ದೀನಿ.

ಅಕ್ಕ: ನಿಲ್ಸು ಮತ್ತೆ!

ತಮ್ಮ: ನಲವತ್ತೊಂದು ಕಡೆ ಮಗುಚಿದ್ದೀನಿ ಅಕ್ಕ.

ಅಕ್ಕ: ಹಾಸಿಗೆ ಹಿಡಿದ ರೋಗೀನೂ ಅಷ್ಟು ಸಲ ಮಗುಚಲ್ವಲ್ಲೋ! ಹೋಗ್ಲಿ, ಹಳೇದನ್ನೇ ಹಾಕು.

ತಮ್ಮ: ಹೊಸದು ಬಂತಲ್ಲ ಅಂತ ಅಳಿಸಿಬಿಟ್ಟೆ. ಮತ್ತೆ ತರಿಸೋಕೆ ನಮ್ಮ ಇಂಟರ್ನೆಟ್‌ನಲ್ಲಿ ಮಧ್ಯಾಹ್ನ ಆಗುತ್ತೆ.

ಅವನು ಒಂದು ಕಡೆ ತಿದ್ದಿದ. ಮೆಟ್ಟಿಲು ನೆಟ್ಟಗಾಯಿತು, ಅದರ ಮೇಲೆ ನಿಂತಿದ್ದ ಮನುಷ್ಯ ಶೀರ್ಷಾಸನ ಹಾಕಿದ. ಇನ್ನೊಂದು ಕಡೆ ತಿದ್ದಿದ. ಮನುಷ್ಯ ಇಳಿದು ನಿಂತ. ಅವನು ಹಿಡಿಯಬೇಕಾದ ಕಟಕಟೆ ಮೆಟ್ಟಿಲಿನಡಿಗೆ ಹೋಯಿತು.

ಅಕ್ಕ: ಹೋದೆಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ! ಮುಟ್ಟಬೇಡ ಇನ್ನು, ಮೊದಲಿದ್ದ ಹಾಗೇ ಮಾಡು. ಅಂದಹಾಗೆ ಇದೇನು, ಇಷ್ಟುದ್ದ ಬರೆದಿದ್ದಾರೆ?

ತಮ್ಮ: ಏನೇನು ಬದಲಾಯಿಸಿದ್ವಿ ಅಂತ ಲೈಬ್ರರಿಯೋರು ಬರೆದಿರೋದು. ಅದನ್ನ ಯಾರೂ ಓದಲ್ಲ.

ಅಕ್ಕ: ನಾನು ಓದ್ತೀನಿ. “ಚಿತ್ರ ತಲೆಕೆಳಗಾಗುತ್ತಿದ್ದ ದೋಷವನ್ನು ಕೊನೆಗೂ ಸರಿಪಡಿಸಿದ್ದೇವೆ. ಮೂರು ವರ್ಷ ಬಿಡದೆ ಹದಿನೇಳು ಪತ್ರ ಬರೆದು ನಮಗೆ ಛೀಮಾರಿ ಹಾಕಿದ ‘ಮೆಟ್ಟಿಲುವೀರ’ ಅವರಿಗೆ ಧನ್ಯವಾದ.” ಯಾರೋ ಇವನು ಮೆಟ್ಟಿಲುವೀರ?

ತಮ್ಮ ಕೀಬೋರ್ಡಿನ ಮೇಲಿನ ಮರದ ಪುಡಿಯನ್ನು ಬಹಳ ಶ್ರದ್ಧೆಯಿಂದ ಊದತೊಡಗಿದ.

ಅಕ್ಕ: ನಿನ್ನನ್ನೇ ಕೇಳಿದ್ದು.

ತಮ್ಮ: ಮೂರು ವರ್ಷ ಕಿವಿ ಮೇಲೆ ಹಾಕ್ಕೊಳ್ಳದೋರು ಇದ್ದಕ್ಕಿದ್ದ ಹಾಗೆ ಮಾತು ಕೇಳ್ತಾರೆ ಅಂತ ನನಗೇನು ಕನಸು ಬಿದ್ದಿತ್ತಾ?

ಅಕ್ಕ: ಮಾಡಿದ್ದುಣ್ಣೋ ಮಹರಾಯ! ನೀನು ಮಾಡಿದ್ದನ್ನ ನಾನೂ ಉಣ್ಣಬೇಕಲ್ಲ, ಅದು ನನ್ನ ಹಣೆಬರಹ.

ಹೊರಗೆ ಕಾರು ನಿಂತ ಸದ್ದಾಯಿತು. ಡಾಕ್ಟರಮ್ಮ ಕಾಲು ಗಂಟೆ ಮೊದಲೇ ಬಂದಿದ್ದರು. ಅಕ್ಕನಿಗೆ ನಿಜವಾಗಿಯೂ ಭಯವಾಯಿತು. ಆದರೆ ಭಯವಾದಾಗ ಅವಳ ಕೈ ಸುಮ್ಮನಿರುವ ಕೈಯಲ್ಲ.

ಅಕ್ಕ: ಆ ಅಳತೆ ಅಂಕಿಗಳನ್ನೆಲ್ಲ ಅಳಿಸು. ಅಳಿಸಿದ್ಯಾ? ಈಗ ಮಾನಿಟರಿನ ಆ ಕಡೆ ಹಿಡಿ. ಎತ್ತು!

ತಮ್ಮ: ಏನ್ ಮಾಡ್ತಿದ್ದೀಯ?

ಅಕ್ಕ: ನಲವತ್ತೊಂದು ಕಡೆ ತಿರುಗಿಸೋ ಬದಲು ಒಂದೇ ಕಡೆ ತಿರುಗಿಸ್ತಿದ್ದೀನಿ.

ಡಾಕ್ಟರಮ್ಮ ಒಳಗೆ ಬಂದಾಗ ಮಾನಿಟರು ತನ್ನ ಒಂಟಿ ಕಾಲನ್ನು ಮೇಲೆತ್ತಿಕೊಂಡು ಗೋಡೆಗೆ ಆನಿಕೊಂಡಿತ್ತು. ಅದರೊಳಗೆ ಮೆಟ್ಟಿಲು, ಮನುಷ್ಯ, ಕಟಕಟೆ ಎಲ್ಲವೂ ನೆಟ್ಟಗಿದ್ದವು.

ಡಾಕ್ಟರಮ್ಮ: ಅದ್ಯಾಕೆ ಅದರ ಸ್ಟ್ಯಾಂಡು ಮೇಲಿದೆ?

ತಮ್ಮ: ಅದು... ಅಪ್‌ಡೇಟ್ ಆಗಿದೆ ಮೇಡಂ.

ಅಕ್ಕ: ನೀವು ಮೆಟ್ಟಿಲು ನೋಡಿ ಡಾಕ್ಟ್ರೇ.

ಡಾಕ್ಟರಮ್ಮ ಕನ್ನಡಕ ಏರಿಸಿ ನೋಡಿದರು. ನೋಡುತ್ತ ಅವರ ಮುಖ ಅರಳಿತು.

ಡಾಕ್ಟರಮ್ಮ: ಅಬ್ಬಾ, ಬಲಕ್ಕೆ ತಿರುಗಿಸಿದ್ದೀರಿ! ಎಡಕ್ಕೆ ತಿರುಗಿದ್ರೆ ಕಿಟಕಿಗೆ ಅಡ್ಡ ಬರುತ್ತೆ ಅಂತ ನಿಮಗೆ ಎರಡು ಸಲ ಹೇಳಿದ್ದೆ. ಹೂಂಗುಟ್ಟಿದ್ರಿ, ಕೇಳಿಸ್ಕೊಂಡ ಹಾಗೆ ಕಾಣ್ಲಿಲ್ಲ. ಇವತ್ತೂ ಎಡಕ್ಕೇ ಇದ್ರೆ ಕೆಲಸ ಬೇರೆಯವರಿಗೆ ಕೊಡೋಣ ಅಂತಾನೇ ಬಂದೆ. ಎಲ್ಲಿ ಸಹಿ ಹಾಕ್ಲಿ?

ತಿರುವಿದ ಮಾನಿಟರಿನಲ್ಲಿ ಮೇಲಿನದು ಕೆಳಗೆ ಬಂದದ್ದಷ್ಟೇ ಅಲ್ಲ, ಎಡದ್ದು ಬಲಕ್ಕೂ ಹೋಗಿತ್ತು. ಅಕ್ಕ ಸಹಿಯ ಜಾಗ ಬೆರಳಿಟ್ಟು ತೋರಿಸಿದಳು. ಗಿರಾಕಿಗೇನು ಗೊತ್ತು ಎಂದು ಎರಡು ಸಲವೂ ಸುಮ್ಮನೆ ತಲೆಯಾಡಿಸಿದ್ದು ಈಗ ನೆನಪಾಗಿ ಅವಳಿಗೆ ನಾಚಿಕೆಯಾಯಿತು. ಸಹಿ ಬಿತ್ತು, ಕಾರು ಹೋಯಿತು. ಗೋಡೆಗೆ ಒರಗಿದ ತೇಗದ ಹಲಗೆಗಳು ಒಂದೂ ಬಿಡದೆ ಎಡಕ್ಕೆ ತಿರುಗುವಂತೆಯೇ ಕುಯ್ದವಾಗಿದ್ದವು.

ತಮ್ಮ: ಅಕ್ಕ, ಬೇಜಾರು ಮಾಡ್ಕೋಬೇಡ. ನಮ್ಮ ಲೈಬ್ರರಿಯೋರು ಹದಿನೇಳನೇ ಸಲಕ್ಕಾದ್ರೂ ಕೇಳಿದ್ರು. ನೀನು...

ಅಕ್ಕ: ಏಳು ಮೇಲೆ, ಗರಗಸ ತಗೋ. ಪತ್ರ ಬರೆದ್ರೆ ತೇಗ ತಿರುಗಲ್ಲ.