ಕಾಗದದ ಬಾಗಿಲಲ್ಲೊಂದು ಕಣ್ಣು

ನಾನು ಅನುಮಾನದ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಕೊರೊನಾ ಕಾಲ, ಜಪಾನಿನ ಕ್ಯೋಟೋದಲ್ಲಿ ಎರಡೇ ಕೋಣೆಯ ಮನೆ. ಈಚೆ ನಾನು ಆಫೀಸಿನ ಮೀಟಿಂಗಿನಲ್ಲಿ ತಲೆ ಚಚ್ಚಿಕೊಳ್ಳುತ್ತಿರುವಾಗ ಆಚೆಯಿಂದ ಡೋಲಿನ ಸದ್ದು, ಗಂಡಸಿನ ದನಿ, ಅದರ ಮೇಲೆ ನನ್ನ ಹೆಂಡತಿಯ ಕಿಲಕಿಲ ನಗು ಕೇಳಿಬಂದರೆ ಯಾವ ಗಂಡನ ಕಿವಿ ನೆಟ್ಟಗಾಗುವುದಿಲ್ಲ?

"ಫೀಲ್ಡ್‌ವರ್ಕ್ ರೀ," ಎಂದಳು ಶುಭಾ. ಬೆಡ್‌ರೂಮಿನಲ್ಲಿ ಎಂಥ ಫೀಲ್ಡು! ಅವಳ ಪಿಎಚ್‌ಡಿ ಬಲ್ಗೇರಿಯಾದ ಜನಪದ ಕುಣಿತದ ಮೇಲೆ. ಕಮ್ಯುನಿಸ್ಟ್ ಸರ್ಕಾರ ಹಳ್ಳಿಯ ಕುಣಿತವನ್ನು ವೇದಿಕೆಗೆ ಹತ್ತಿಸಿತ್ತಂತೆ. ಆ ಸರ್ಕಾರ ಬಿದ್ದ ಮೇಲೆ ಕುಣಿತ ಏನಾಯಿತು ಎಂಬುದು ಅವಳ ಪ್ರಶ್ನೆ. ವಿಮಾನ ಬಂದ್ ಆಗಿದ್ದರಿಂದ, ಸರ್ಕಾರಿ ತಂಡದಲ್ಲಿ ಕುಣಿದಿದ್ದ ಸ್ತೋಯಾನ್ ಎಂಬವರನ್ನು ವಿಡಿಯೋದಲ್ಲಿ ಮಾತಾಡಲು ಒಪ್ಪಿಸಿದ್ದಳು. ಅವರಿಲ್ಲದೆ ಥೀಸಿಸ್ ಇಲ್ಲ.

ಇಷ್ಟೆಲ್ಲ ತಿಳಿದೂ, ಸದರಿ ಗೃಹದ ಯಜಮಾನನ ನೆಲೆಯಲ್ಲಿ ನಾನು ಪರಿಶೀಲನೆ ಕೈಗೊಂಡೆ. ನಡುವಿನ ಜಾರುಬಾಗಿಲು ಕಾಗದದ್ದು. ಬೆರಳು ಒದ್ದೆ ಮಾಡಿ ಒತ್ತಿದೆ. ತೂತು ಬಿತ್ತು. ಕಣ್ಣಿಟ್ಟೆ.

ಪರದೆಯ ಮೇಲೆ ಬಿಳಿಮೀಸೆಯ ಮುದುಕರೊಬ್ಬರು ಕರವಸ್ತ್ರ ಬೀಸುತ್ತ ಕುಣಿಯುತ್ತಿದ್ದರು. ಸದ್ಯ, ಅಜ್ಜ! ನಾನು ಉಸಿರು ಬಿಡುವಷ್ಟರಲ್ಲಿ ಕುಣಿತ ನಿಂತಿತು. ಶುಭಾಳ ಹಿಂದಿನ ಬಾಗಿಲಿನಲ್ಲಿ ಒಂದು ಕಣ್ಣು ಅವರಿಗೂ ಕಂಡಿತ್ತು!

ಹಿಂದೆ ತಂಡ ವಿದೇಶಕ್ಕೆ ಹೋದಾಗಲೆಲ್ಲ, ಒಂದು ಹೆಜ್ಜೆಯೂ ಬಾರದ ಸರ್ಕಾರದ ಕಡೆಯವನೊಬ್ಬ ಜೊತೆಗೆ ಬರುತ್ತಿದ್ದನಂತೆ. ಕುಣಿಯುವವರ ಮೇಲೆ ಕಣ್ಣಿಡುವುದೇ ಅವನ ಕೆಲಸ. ಅಂಥವನು ಇಲ್ಲೂ ಇದ್ದಾನೆ ಎಂದು ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿ ಅಜ್ಜ ಕಾಲ್ ಕಟ್ ಮಾಡಿದರು.

"ಅವ್ರು ನನ್ನ ನಂಬೋಕೆ ತಿಂಗಳುಗಟ್ಟಲೆ ಬೇಕಾಯ್ತು. ನೀವು ಒಂದು ಬೆರಳಲ್ಲಿ ಕೆಡಿಸಿದ್ರಿ," ಎಂದು ಶುಭಾ ಅತ್ತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅತ್ತಿದ್ದು ನೋಡಿ, ಅಜ್ಜನ ಕ್ಷಮೆ ನಾನೇ ಕೇಳುತ್ತೇನೆ ಎಂದೆ.

ಮರುದಿನ ಅವಳು ಕಾಡಿ ಬೇಡಿ ಅಜ್ಜನನ್ನು ಮತ್ತೆ ಪರದೆಗೆ ಕರೆತಂದಳು. ನಾನು ಕೈಮುಗಿದು, ಗಂಡ ಎಂದು ಪರಿಚಯಿಸಿಕೊಂಡೆ. ಅವರು ನಂಬಲಿಲ್ಲ.

"ಗಂಡ ಆದ್ರೆ ಹೆಂಡತಿ ನೋಡಿ ಒಂದೆರಡು ಹೆಜ್ಜೆ ಕಲಿತಿರಬೇಕಲ್ಲ. ಕುಣಿ ನೋಡೋಣ."

ಕುಣಿದೆ. ಕುಣಿಯುತ್ತ ಕುಣಿಯುತ್ತ, ಬಾಗಿಲ ಸಮೇತ ನನ್ನ ಕೋಣೆಯಲ್ಲಿ ಬಿದ್ದಿದ್ದೆ! ಕೆಳಮನೆಯ ನಕಮುರಾ ಸಾನ್ ಮಾಸ್ಕ್ ಹಾಕಿಕೊಂಡು ಮೇಲೆ ಬಂದು, ಸುಮಿಮಾಸೆನ್, ಅಂದರೆ ಕ್ಷಮಿಸಿ, ಭೂಕಂಪವಾಯಿತೇ ಎಂದು ವಿಚಾರಿಸಿ, ಬಗ್ಗಿ ನಮಸ್ಕರಿಸಿ ಹೋದರು.

ಅಜ್ಜ ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ಇವನು ಗೂಢಚಾರ ಅಲ್ಲಮ್ಮ. ಇಷ್ಟು ದಡ್ಡನನ್ನ ನಮ್ಮ ಸರ್ಕಾರ ಕೂಡ ಕೆಲಸಕ್ಕೆ ತಗೊಳ್ತಿರಲಿಲ್ಲ."

ಫೀಲ್ಡ್‌ವರ್ಕ್ ಮುಂದುವರಿಯಿತು. ಬಾಗಿಲಿಗೆ ಶುಭಾ ಹೊಸ ಕಾಗದ ಅಂಟಿಸಿದ್ದಾಳೆ. ಆಚೆಯಿಂದ ಈಗಲೂ ಅದೇ ಕಿಲಕಿಲ ನಗು ಕೇಳುತ್ತದೆ. ನಾನು ಇಣುಕುವುದಿಲ್ಲ. ಯಾರನ್ನು ನೆನೆದು ನಗುತ್ತಿದ್ದಾರೆ ಎಂಬುದರಲ್ಲಿ ನನಗೀಗ ಯಾವ ಅನುಮಾನವೂ ಇಲ್ಲ!