ಹಲ್ಲಿಲ್ಲದ ಗುಡುಗುಡು ಮಾಮ

"ಒಂದೇ ಒಂದು ಕಥೆ ಸಾಕು! ಸಂಜೆಯೊಳಗೆ ನಿನ್ನ ಮೊಮ್ಮಗಳು ಈ ವಾಷಿಂಗ್ ಮೆಷಿನ್ನಿನ ಬೆನ್ನು ತಟ್ಟದಿದ್ದರೆ, ಇನ್ನು ಮೇಲೆ ಮನೆ ಬಟ್ಟೆಯೆಲ್ಲ ನಾನೇ ಒಗೀತೀನಿ!"

ಬಸ್ ಡಿಪೋದ ನಿವೃತ್ತ ಹೆಡ್ ಮೆಕ್ಯಾನಿಕ್ ಆದ ತಾತ ಹೀಗೆ ಎದೆಯುಬ್ಬಿಸಿ ಪ್ರತಿಜ್ಞೆ ಮಾಡಿದಾಗ, ಅಜ್ಜಿ ಮೈಲಿಗೆ ಬಟ್ಟೆಯ ಗುಡ್ಡದ ಹಿಂದಿನಿಂದ ಇಣುಕಿ, "ಆಮೇಲೆ ಮಾತು ತಿರುಗಿಸಬೇಡಿ" ಎಂದರು.

ವಿಷಯವೇನೂ ತಮಾಷೆಯದಲ್ಲ. ಮಗಳು ಕೆಲಸಕ್ಕೆ ಹೋಗುವಾಗ ಪುಟ್ಟಿಯನ್ನು ಇಲ್ಲಿ ಬಿಟ್ಟು ಹೋಗುತ್ತಿದ್ದಳು. ಮೆಷಿನ್ ಗುಡುಗಿತೆಂದರೆ ಮಗು ಊಟದ ಮೇಜಿನಡಿ ಸೇರಿ ಗಡಗಡ ನಡುಗುತ್ತಿತ್ತು. ತಾತ ಓಡಿಹೋಗಿ ಮೆಷಿನ್ ಆರಿಸುತ್ತಿದ್ದರು, ಬಟ್ಟೆ ರಾಶಿ ಬೀಳುತ್ತಿತ್ತು.

ಇಂಜಿನ್ನಿಗೆ ಕಿವಿಯಿಟ್ಟೇ ಕಾಯಿಲೆ ಹೇಳುತ್ತಿದ್ದ ಮಹಾನುಭಾವರು ತಾತ! ಮೆಷಿನ್ನಿನ ಗಾಜಿನ ಬಾಗಿಲಿಗೂ ಕಿವಿ ಕೊಟ್ಟರು.

"ಪುಟ್ಟೀ, ಒಳಗೆ ಗುಡುಗುಡು ಮಾಮ ಇದ್ದಾನೆ. ಪಾಪ, ಅವನಿಗೆ ಒಂದು ಹಲ್ಲೂ ಇಲ್ಲ!"

ಮೇಜಿನಡಿಯಿಂದ ಪುಟ್ಟ ಮೂಗೊಂದು ಹೊರಬಂತು. "ಮತ್ತೆ ಯಾಕೆ ಗುರ್ ಅಂತಾನೆ?"

"ಅದು ಸಿಟ್ಟಲ್ಲ ಕಣೇ, ಹಸಿವು! ಅಗಿಯೋಕೆ ಆಗಲ್ಲ. ಅದಕ್ಕೇ ಬಟ್ಟೆನ ಬಾಯಲ್ಲೇ ತಿರುಗಿಸಿ ತಿರುಗಿಸಿ ಉಗೀತಾನೆ."

"ಅಯ್ಯೋ ಪಾಪ!"

ಮಧ್ಯಾಹ್ನದ ಹೊತ್ತಿಗೆ ಪುಟ್ಟಿ ಮಾಮನ ಬೆನ್ನು ತಟ್ಟುತ್ತಿದ್ದಳು. ತಾತ ಮೀಸೆ ತಿರುವಿದರು. ಹಲ್ಲುಸೆಟ್ಟು ತೆಗೆದು ಬಟ್ಟಲಿಗೆ ಹಾಕಿ, ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಮಲಗಿ ಗೊರಕೆ ಹೊಡೆದರು. ಅಜ್ಜಿ ಬಟ್ಟೆ ತುಂಬಿದರು, ಪುಟ್ಟಿಯೂ ಕೈಜೋಡಿಸಿದಳು.

ಟಕ್! ಟಕಟಕ! ಟಕಾರ್!

ತಾತ ದಿಗ್ಗನೆ ಎದ್ದು ಸ್ಪ್ಯಾನರ್ ಹಿಡಿದು ಓಡಿಬಂದರು. "ಬೇರಿಂಗ್ ಹೋಗಿದೆ! ಮಲಗಿದ್ದಲ್ಲೇ ಗೊತ್ತಾಯ್ತು ನಂಗೆ!"

"ಮೊದಲು ಹಲ್ಲು ಹಾಕ್ಕೊಂಡು ಮಾತಾಡಿ, ಬರೀ ಗಾಳಿ ಬರ್ತಿದೆ."

"ಹಲ್ಲು ಆಮೇಲೆ! ಬೇರಿಂಗ್ ಮೊದಲು!"

ಪ್ಲಗ್ ಕಿತ್ತರು, ನೀರು ಇಳಿಸಿದರು, ಹಿಂಬದಿ ಬಿಚ್ಚಿದರು. ನೆಲದ ತುಂಬ ಸ್ಕ್ರೂಗಳ ಜಾತ್ರೆ! ಬೇರಿಂಗ್ ಮಾತ್ರ ಗುಂಡುಕಲ್ಲಿನಂತಿತ್ತು. ಕೊನೆಗೆ ಡ್ರಮ್ಮಿನೊಳಗೆ ಕೈ ಹಾಕಿದರೆ, ಒಂದು ಕಾಲುಚೀಲದ ಜೊತೆ ತಾತನದೇ ನಗು ಹೊರಬಂತು!

"ನೀನು ಮಲಗಿದಾಗ ನಿಂಗೆ ಹಲ್ಲು ಬೇಡ ತಾನೆ? ಅದಕ್ಕೇ ಮಾಮಂಗೆ ಕೊಟ್ಟೆ. ಎಷ್ಟು ಚೆನ್ನಾಗಿ ಅಗೀತಿದ್ದ ಗೊತ್ತಾ!" ಎಂದಳು ಪುಟ್ಟಿ.

ಮೆಷಿನ್ ಸದ್ದಿಗೇ ನಡುಗುತ್ತಿದ್ದ ಮಗು ಈಗ ಅದರ ಬಾಯೊಳಗೇ ಭುಜದವರೆಗೆ ಕೈ ಹಾಕಿತ್ತಲ್ಲ! ತಾತನಿಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಹಲ್ಲು ತೊಳೆದು ಹಾಕಿಕೊಂಡು, ಮೆಷಿನ್ನನ್ನು ಮತ್ತೆ ಜೋಡಿಸಿದರು. ಒಂದು ಹಿಡಿ ಸ್ಕ್ರೂ ಮಿಕ್ಕಿತು. ಸ್ವಿಚ್ ಒತ್ತಿದರೆ ಮೆಷಿನ್ ಕಮಕ್ ಕಿಮಕ್ ಎನ್ನಲಿಲ್ಲ.

ಪುಟ್ಟಿಯ ತುಟಿ ಅದುರಿತು. "ಮಾಮ ಯಾಕೆ ಮಾತಾಡ್ತಿಲ್ಲ? ಸತ್ತುಹೋದ್ನಾ?" ಸದ್ದಿಗೆ ಅಳುತ್ತಿದ್ದ ಮಗು ಈಗ ಸದ್ದಿಲ್ಲವೆಂದು ಮನೆ ಹಾರಿಹೋಗುವಂತೆ ಅತ್ತಿತು!

"ಮೆಷಿನ್ ನಿಲ್ಸಿದ್ದು ಡಿಪೋದವರು. ಅಳು ನಿಲ್ಸೋದೂ ಅವರದೇ ಕೆಲಸ" ಎಂದರು ಅಜ್ಜಿ.

ತಾತ ಸೋಲುವ ಆಸಾಮಿಯೇ? "ಮಾಮ ನಿದ್ದೆ ಮಾಡ್ತಿದ್ದಾನೆ ಪುಟ್ಟೀ, ಎಬ್ಬಿಸ್ತೀನಿ ನೋಡು" ಎಂದು ಡ್ರಮ್ಮಿನೊಳಗೆ ತಲೆ ತೂರಿಸಿ ಗುಡುಗಿದರು.

"ಹಾಗಲ್ಲ! ಮಾಮಂಗೆ ಹಲ್ಲಿಲ್ಲ. ತೆಗಿ!"

ತಾತ ಹಲ್ಲು ತೆಗೆದು ಕೈಗಿತ್ತರು. "ಗುಡುಗುಡು... ಗುರ್ರ್ರ್..." ಪುಟ್ಟಿ ಅಳು ನಿಲ್ಲಿಸಿ ಚಪ್ಪಾಳೆ ತಟ್ಟಿದಳು.

ಹಿಂದೆ ಹೆಜ್ಜೆ ಸದ್ದಾಯಿತು. ಅಜ್ಜಿ ಬಟ್ಟೆಯ ರಾಶಿ ಹೊತ್ತು ನಿಂತಿದ್ದರು.

"ರೀ, ಸದ್ದೇನೋ ಸರಿಹೋಯ್ತು. ಬಟ್ಟೆ ಹಾಕಲಾ?"