ನಮ್ಮತ್ತೆ ಮತ್ತು ಯಹೂದಿ ಮ್ಯಾನೇಜರು

ಇಡೀ ಕಾಸರಗೋಡು ಜಿಲ್ಲೆಯಲ್ಲಿ ಯಹೂದಿಗಳಿಗೆ ಒಬ್ಬಳೇ ವಕೀಲೆ, ಅವಳು ನನ್ನ ಸೋದರತ್ತೆ. ಫೀಸು ಇಲ್ಲ, ಕೋರ್ಟು ಇಲ್ಲ, ಕಕ್ಷಿದಾರರೂ ಇಲ್ಲ. ಏಕೆಂದರೆ ಅತ್ತೆ ಈವರೆಗೆ ಒಬ್ಬ ಯಹೂದಿಯನ್ನೂ ಕಣ್ಣಾರೆ ಕಂಡವಳಲ್ಲ. ಕಂಡಿದ್ದರೆ ಆ ಮನುಷ್ಯನ ಗತಿ ಏನಾಗುತ್ತಿತ್ತು ಎಂದು ಯೋಚಿಸುವಾಗಲೆಲ್ಲ, ದೇವರು ಅವರನ್ನು ನಮ್ಮ ಕಡೆಗೆ ಕಳಿಸದೆ ದೊಡ್ಡ ಉಪಕಾರವನ್ನೇ ಮಾಡಿದ್ದಾನೆ ಅನಿಸುತ್ತದೆ!

ತಪ್ಪು ತಿಳಿಯಬೇಡಿ. ಅತ್ತೆಗೆ ರಾಜಕೀಯ ಬೇಡ, ದೇಶ ದೇಶಗಳ ಜಗಳವೂ ಬೇಡ. ಅವಳ ತಕರಾರೆಲ್ಲ ಸಿನಿಮಾಗಳ ಮೇಲೆ. ಅದರಲ್ಲೂ ಇಂಗ್ಲಿಷಿನ ಪಾಪ್ ಹಾಡುಗಾರರ ಬದುಕನ್ನು ಇಟ್ಟುಕೊಂಡು ತೆಗೆದ ಸಿನಿಮಾಗಳ ಮೇಲೆ. ಬೇರೆ ಟೀಚರುಗಳು ನಿವೃತ್ತರಾದ ಮೇಲೆ ಭಜನಾ ಮಂಡಳಿ ಸೇರುತ್ತಾರೆ. ಆಯುಷ್ಯವಿಡೀ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ ನಮ್ಮತ್ತೆ ಮಾತ್ರ ಗಿಟಾರಿನವರ ಬೆನ್ನು ಹತ್ತಿದಳು.

ಇದಕ್ಕೆ ಕಾರಣ ಹೇಳಬೇಕಾದರೆ ಮಾವನ ಸುದ್ದಿ ಎತ್ತಬೇಕು. ಮಾವ, ಅಂದರೆ ಅತ್ತೆಯ ಗಂಡ, ಗಾನಮೇಳದ ಹಾಡುಗಾರ. ಕುಂಬಳೆಯಿಂದ ತಲಪಾಡಿಯವರೆಗೆ ‘ರಾಯರು ಹಾಡ್ತಾರೆ’ ಎಂದು ಗೊತ್ತಾದರೆ ಸಾಕು, ಮದುವೆಗೆ ಕರೆಯದವರೂ ಬರುತ್ತಿದ್ದರು. ಮೇಳದ ಮ್ಯಾನೇಜರು ನಮ್ಮೂರ ಮುಸಲ್ಮಾನರಾದ ಹಂಝಾಕ. ಕಾರ್ಯಕ್ರಮ ಕುದುರಿಸುವುದು, ಮೈಕು ಕಟ್ಟಿಸುವುದು, ವ್ಯಾನು ಬಿಡುವುದು, ಫ್ಲಾಸ್ಕಿನಲ್ಲಿ ಬಿಸಿನೀರು ಹಿಡಿದುಕೊಂಡು ಮಾವನ ಗಂಟಲು ಕಾಯುವುದು, ಎಲ್ಲವೂ ಅವರೇ. ಒಂದು ದಿನ ದೊಡ್ಡ ಆರ್ಕೆಸ್ಟ್ರಾದವರು ಮಾವನನ್ನು ಕರೆಯಲು ಬಂದರು. ಹಂಝಾಕ ಜಗಲಿಯಲ್ಲೇ ಕುಳಿತಿದ್ದಾಗ, ‘ನೀವು ಬನ್ನಿ ರಾಯರೇ, ಇವರು ಬೇಡ. ಇವರ ಜನಕ್ಕೆ ಹಾಡು ಅಂದ್ರೆ ಮಾರುವ ಸರಕು’ ಅಂದುಬಿಟ್ಟರು. ಮಾವ ತಲೆ ತಗ್ಗಿಸಿ ಚಹಾದ ಲೋಟ ನೋಡುತ್ತಾ ಕುಳಿತ. ಹಂಝಾಕ ಎದ್ದು, ಫ್ಲಾಸ್ಕನ್ನು ಜಗಲಿಯ ಮೇಲಿಟ್ಟು ಹೋದರು. ಮತ್ತೆ ಆ ಜಗಲಿ ಹತ್ತಲಿಲ್ಲ. ಮಾವ ತೀರಿಕೊಂಡ ದಿನವೂ ಗೇಟಿನ ಹೊರಗೆ ನಿಂತಿದ್ದು ಹಿಂದಿರುಗಿದರು.

ಆಮೇಲೆ ಅವರದು ಹೊಸಂಗಡಿಯಲ್ಲಿ ಸಿ.ಡಿ. ಅಂಗಡಿ. ಮಾವನ ವರ್ಷಾಂತಿಕ ಮುಗಿದ ಮೇಲೆ ಅತ್ತೆ ನನ್ನನ್ನು ಜೊತೆಗೆ ಕರೆದುಕೊಂಡು ಬಸ್ಸು ಹತ್ತಿ ಅಲ್ಲಿಗೆ ಹೋದಳು. ಮಾವನ ಪರವಾಗಿ ಒಂದು ಮಾತು ಹೇಳಿ ಬರಬೇಕು ಎಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದಳು. ಕೌಂಟರಿನ ಮುಂದೆ ನಿಂತಾಗ ಬಾಯಿಗೆ ಬಂದದ್ದೇ ಬೇರೆ.

“ಹಂಝಾಕ, ಹಾಡುವವರ ಕಥೆ ಇರುವ ಪಿಕ್ಚರ್ ಎಂತಾದ್ರೂ ಉಂಟಾ?”

“ಉಂಟು ಟೀಚರೇ. ಇಂಗ್ಲಿಷಿನದ್ದು ಆದೀತಾ?”

ಹಾಗೆ ಶುರುವಾಯಿತು ನೋಡಿ! ಒಂದು ಕ್ಷಮೆ ಕೇಳಲು ಹೋದವಳು ಒಂದು ಸಿ.ಡಿ. ಹಿಡಿದುಕೊಂಡು ಬಂದಳು. ವಾರ ವಾರ ಹೋದಳು, ವಾರ ವಾರ ಸಿ.ಡಿ. ತಂದಳು. ಆ ಮಾತು ಮಾತ್ರ ಕೌಂಟರಿನ ಈಚೆಯೇ ಉಳಿಯಿತು.

ಮೊದಲ ಸಿನಿಮಾದಲ್ಲಿ ಒಬ್ಬ ಗಿಟಾರು ಹುಡುಗ. ಶುಕ್ರವಾರ ಮುಸ್ಸಂಜೆ. ಅವನ ಅಮ್ಮ ಎರಡು ಮೇಣದಬತ್ತಿ ಹಚ್ಚಿ, ಎರಡೂ ಕೈಗಳಿಂದ ಕಣ್ಣು ಮುಚ್ಚಿಕೊಂಡು ಏನೋ ಪಿಸುಗುಟ್ಟುತ್ತಾಳೆ. ಅಷ್ಟರಲ್ಲಿ ಹುಡುಗ ಕಿಟಕಿ ಹಾರುತ್ತಾನೆ. ಕ್ಯಾಮೆರಾವೂ ಅವನ ಹಿಂದೆಯೇ ಹಾರುತ್ತದೆ.

“ನಿಲ್ಲಿಸು, ನಿಲ್ಲಿಸು” ಅಂದಳು ಅತ್ತೆ. ರಿಮೋಟು ಹಿಡಿಯುವ ಕೆಲಸ ನನ್ನದು. “ಹಿಂದೆ ತಾ. ಅವಳು ಎಂತ ಹೇಳಿದ್ದು?”

“ಕೇಳಿಸುವುದಿಲ್ಲ ಅತ್ತೆ. ಕಥೆ ಹುಡುಗನದ್ದಲ್ವಾ?”

“ದೀಪ ಹಚ್ಚಿದವಳ ಮಾತು ಮುಗಿಯುವಷ್ಟು ಹೊತ್ತು ನಿಲ್ಲಲಿಕ್ಕೆ ಎಂತ ಕಷ್ಟ ಮಾರಾಯ್ತಿ ಇವರಿಗೆ?”

ಮರುದಿನ ಇಂಟರ್ನೆಟ್ ಅಂಗಡಿಗೆ ನಮ್ಮ ದಂಡಯಾತ್ರೆ. ಆ ಹಾಡುಗಾರ ಯಹೂದಿ, ಅಮ್ಮ ಹಚ್ಚಿದ್ದು ಅವರ ಶನಿವಾರದ ವ್ರತದ ದೀಪ, ಅವನ ಹೆಸರು ನಿಜವಾದ ಹೆಸರೇ ಅಲ್ಲ, ಅಜ್ಜ ಎಲ್ಲಿಂದಲೋ ಓಡಿ ಬಂದವನು ಎಂದೆಲ್ಲ ತಿಳಿಯಿತು. ಇದಾವುದೂ ಸಿನಿಮಾದಲ್ಲಿ ಇರಲಿಲ್ಲ. ಅತ್ತೆಗೆ ಬಂದ ಹುರುಪು ಏನು ಕೇಳುತ್ತೀರಿ! ಹಾಡು ಬರೆದವನು ಯಾರು, ತಬಲದ ಜಾಗದಲ್ಲಿ ಡ್ರಮ್ಮು ಬಾರಿಸಿದವನು ಯಾರು, ಅವರವರ ಅಜ್ಜಿ ಯಾರು ಎಂದು ಜಾತಕ ಕೂಡಿಸುವವರಿಗಿಂತ ಹೆಚ್ಚು ವಿಚಾರಣೆ ನಡೆಸಿದಳು. ಅಂದಿನಿಂದ ಪ್ರತಿಯೊಂದು ಸಿನಿಮಾಕ್ಕೂ ದೀಪದ ಪರೀಕ್ಷೆ. ಹಂಝಾಕ ಅಂಗಡಿಯಲ್ಲಿ ಮೊದಲೇ ನೋಡಿಟ್ಟಿರುತ್ತಿದ್ದರು.

“ಇದರಲ್ಲಿ ದೀಪ ಉಂಟಾ ಹಂಝಾಕ?”

“ಉಂಟು ಟೀಚರೇ, ಸ್ವಲ್ಪ. ನೀವು ಕನ್ನಡಕ ಒರೆಸುವಾಗ ಹೋಗ್ತದೆ. ಒರೆಸಿಯೇ ಕೂತುಕೊಳ್ಳಿ.”

ಇನ್ನೊಂದು ಸಿನಿಮಾದಲ್ಲಿ ನಟನಿಗೆ ಯಹೂದಿಯೆಂದು ತೋರಿಸಲು ಕೊಕ್ಕೆ ಮೂಗು ಅಂಟಿಸಿದ್ದನ್ನು ಅತ್ತೆ ಕಂಡುಹಿಡಿದಳು. ಟಿ.ವಿ.ಯ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದಳು. “ಯಕ್ಷಗಾನದ ಬಣ್ಣದ ವೇಷದವನ ಮುಖಕ್ಕೆ ಅಕ್ಕಿಹಿಟ್ಟಿನ ಚಿಟ್ಟಿ ಇಟ್ಟ ಹಾಗೆ. ರಾಕ್ಷಸ ಬಂದ ಅಂತ ಹಿಂದೆ ಕೂತವನಿಗೂ ಗೊತ್ತಾಗ್ಬೇಕಲ್ಲ.” ಆ ಮೂಗಿನವನು ಯಾರು ಅಂದುಕೊಂಡಿರಿ? ಹಾಡುಗಾರನಲ್ಲ, ಮ್ಯಾನೇಜರು. “ನೋಡಿದ್ಯಾ? ಹಾಡುವವನ ಹೆಸರು ಬದಲಿಸ್ತಾರೆ, ಅವನ ಅಜ್ಜಿಯನ್ನು ಅಡುಗೆಮನೆಯಲ್ಲೇ ಬಿಟ್ಟು ಬರ್ತಾರೆ. ಮ್ಯಾನೇಜರನಿಗೆ ಮಾತ್ರ ಜಾತಿ ಉಳಿಸಿಕೊಡ್ತಾರೆ. ಹಾಡೆಲ್ಲ ಲೋಕದ್ದು, ಕಾಸು ಮಾತ್ರ ಯಹೂದಿಯದ್ದು!”

ಈ ಹುಚ್ಚು ಮನೆಯೊಳಗೇ ಇದ್ದಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು. ಬೇಕಲ ಕೋಟೆಗೆ ಹೋಗಿದ್ದಾಗ ಒಬ್ಬ ವಿದೇಶಿ ಗೋಡೆಗೊರಗಿ ನೀರು ಕುಡಿಯುತ್ತಿದ್ದ. ಅತ್ತೆ ಸೀದಾ ಹೋಗಿ, ನೀವು ಯಹೂದಿಯೋ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅವನಿಗೆ ನೀರು ನೆತ್ತಿಗೇರಿತು. ಅಲ್ಲ, ನಾನು ಕ್ಯಾಥೊಲಿಕ್ ಅಂದ ಪಾಪದವ. ಅತ್ತೆ ಅವನ ತೋಳು ತಟ್ಟಿ, ಪರವಾಗಿಲ್ಲ, ಬೇಸರ ಮಾಡಬೇಡಿ ಅಂದಳು, ಎಸ್.ಎಸ್.ಎಲ್.ಸಿ.ಯಲ್ಲಿ ನಪಾಸಾದವನಿಗೆ ಹೇಳುವ ಧ್ವನಿಯಲ್ಲಿ.

ಕೊಚ್ಚಿಯ ಕಥೆ ಇನ್ನೂ ಚಂದ. ನಿವೃತ್ತ ಅಧ್ಯಾಪಕರ ಪ್ರವಾಸದಲ್ಲಿ ಯಹೂದಿಗಳ ಹಳೆಯ ಪ್ರಾರ್ಥನಾ ಮಂದಿರ ನೋಡಲೇಬೇಕೆಂದು ಹಟ ಹಿಡಿದವಳು ಅತ್ತೆ. ಶನಿವಾರ ಅವರಿಗೆ ಎಷ್ಟು ಪವಿತ್ರ, ಅಂದು ಒಲೆ ಹೊತ್ತಿಸುವುದಿಲ್ಲ, ವ್ಯವಹಾರ ಮಾಡುವುದಿಲ್ಲ ಎಂದು ಬಸ್ಸಿನಲ್ಲಿ ಮೈಕು ಹಿಡಿದು ಉಪನ್ಯಾಸ ಕೊಟ್ಟವಳೂ ಅವಳೇ. ಮಂದಿರದ ಮುಂದೆ ಇಳಿದರೆ ಬಾಗಿಲು ಹಾಕಿತ್ತು. ಅಂದು ಶನಿವಾರ! ಉರಿ ಬಿಸಿಲಲ್ಲಿ ನಿಂತ ಅಧ್ಯಾಪಕರೆಲ್ಲ ಕೆಂಗಣ್ಣು ಬಿಟ್ಟರೆ ಅತ್ತೆಯ ಮುಖ ಅರಳಿತ್ತು. “ನಾನು ಹೇಳಿದ್ದು ಸುಳ್ಳಾ? ಎಂತ ಕಟ್ಟುನಿಟ್ಟು ನೋಡಿ!”

ಆದರೆ ಅತ್ತೆಯ ನಿಜವಾದ ಅವತಾರ ನೋಡಬೇಕಾದರೆ ಸಿನಿಮಾ ಮುಗಿದ ಮೇಲೆ ಕೂರಬೇಕು. ಅವಳು ನಮ್ಮೂರ ಮಹಿಳಾ ತಾಳಮದ್ದಳೆ ಸಂಘದ ಅರ್ಥಧಾರಿ. ವೇಷ, ಕುಣಿತ ಯಾವುದೂ ಇಲ್ಲದೆ, ಕುಳಿತಲ್ಲೇ ಮಾತಿನಲ್ಲಿ ಯುದ್ಧ ಮಾಡುವ ಕಲೆ ಅದು. ಎದುರಿನವನ ಮಾತಿಗೆ ಉತ್ತರ ಕೊಡಲೇಬೇಕು, ಸುಮ್ಮನಾದರೆ ಸೋತ ಹಾಗೆ. ಅತ್ತೆ ಒಮ್ಮೆಯೂ ಸುಮ್ಮನಾದವಳಲ್ಲ. “ರಾವಣನಿಗೂ ಅವನ ಪಾಲಿನ ಮಾತು ಕೊಡ್ತೇವೆ ನಾವು. ಮಾತು ಕೊಡದೆ ಯಾರನ್ನೂ ಕೊಲ್ಲಬಾರದು” ಎನ್ನುವುದು ಅವಳ ಶಾಸ್ತ್ರ. ಹಾಗಾಗಿ, ಹಾಡುಗಾರ ಮ್ಯಾನೇಜರನನ್ನು ಹೊರಗೆ ಹಾಕಿ ಸಿನಿಮಾ ಮುಗಿದದ್ದೇ ತಡ, ಟಿ.ವಿ. ಆರಿಸಿ, ಸೆರಗು ಬಿಗಿದು, ಮ್ಯಾನೇಜರನ ಅರ್ಥ, ಅಂದರೆ ಅವನ ಪಾಲಿನ ಮಾತು, ಶುರು ಮಾಡುತ್ತಿದ್ದಳು.

“ಎಲವೋ ಗಾಯಕಾ! ನಿನ್ನ ಕಂಠವನ್ನು ಲೋಕವೇ ಕೇಳಿತು. ನಿನ್ನ ಕೆಮ್ಮನ್ನು ಕೇಳಿದವನು ನಾನೊಬ್ಬನೇ ಅಲ್ಲವೇ? ನೀನು ವೇದಿಕೆಯಲ್ಲಿ ಹಾರ ಹಾಕಿಸಿಕೊಳ್ಳುವಾಗ ಕೆಳಗೆ ನಿನ್ನ ಚಪ್ಪಲಿ ಕಾದವನು ಯಾರು?”

ಆ ಸಿನಿಮಾದ ಹಾಡುಗಾರ ಒಮ್ಮೆಯೂ ಕೆಮ್ಮಿರಲಿಲ್ಲ. ಚಪ್ಪಲಿಯಂತೂ ಇಲ್ಲವೇ ಇಲ್ಲ, ಮೊಣಕಾಲಿನವರೆಗೆ ಬೂಟು! ನಾನು ನಗುತ್ತಿದ್ದೆ. ಆ ಕೆಮ್ಮು ಯಾರದೆಂದು ಸ್ವಲ್ಪ ತಡವಾಗಿ ಹೊಳೆದು ನಗು ನಿಂತಿತು.

ಹೀಗಿರುವಾಗ ಮಾವನ ಮೇಲೆಯೇ ಸಿನಿಮಾ ಬಂತು. ದೊಡ್ಡದಲ್ಲ, ಮುಕ್ಕಾಲು ಗಂಟೆಯ ಟೆಲಿಫಿಲ್ಮು. ತೆಗೆಯುವವರು ಕಾಲೇಜಿನ ಒಬ್ಬ ಉಪನ್ಯಾಸಕರು, ಅತ್ತೆಯ ಹಳೆಯ ವಿದ್ಯಾರ್ಥಿ. ಕಥೆ ಓದಿ ಹೇಳಲು ಮನೆಗೆ ಬಂದರು. ಅತ್ತೆ ಸಂಭ್ರಮದಿಂದ ಅವಲಕ್ಕಿ ಕಲಸಿ ಕೊಟ್ಟು ಎದುರು ಕುಳಿತಳು. ಮ್ಯಾನೇಜರನ ಪಾತ್ರ ಬಂದಾಗ ಅವಳ ಬೆನ್ನು ನೆಟ್ಟಗಾಯಿತು.

“ಅವನಿಗೆ ಎಷ್ಟು ಮಾತು ಉಂಟು?”

“ಎರಡು ಡೈಲಾಗ್ ಟೀಚರ್. ಒಂದು, ಕಾಸು ಎಲ್ಲಿ ಅಂತ. ಇನ್ನೊಂದು, ಮೊದಲು ಕಾಸು ಅಂತ. ತಲೆಗೊಂದು ಟೊಪ್ಪಿ, ಸೊಂಟಕ್ಕೆ ಹಸಿರು ಬೆಲ್ಟು. ಜನ ನಗ್ತಾರೆ.”

ಅತ್ತೆ ಅವರ ಕೈಯಿಂದ ಅವಲಕ್ಕಿ ತಟ್ಟೆಯನ್ನು ವಾಪಸು ತೆಗೆದುಕೊಂಡಳು. ಆಮೇಲೆ ಅಮೆರಿಕದಿಂದ ಹೊಸಂಗಡಿಯವರೆಗಿನ ಮ್ಯಾನೇಜರುಗಳ ಸಮಗ್ರ ಚರಿತ್ರೆ ಹೇಳಿದಳು. ಅಂಟಿಸಿದ ಮೂಗು, ಆರಿಹೋದ ದೀಪ, ಎಲ್ಲವೂ ಬಂತು. “ಹಂಝಾಕನ ಹತ್ತಿರ ಹೋಗು, ಅವರ ಮಾತು ಕೇಳು, ಅದನ್ನು ಹಾಕು” ಎಂದು ಕಟ್ಟಪ್ಪಣೆ ಮಾಡಿದಳು. ಅವರು ಹೋದರು. ಹಂಝಾಕ, “ಹಳೆ ಕತೆ ಎಲ್ಲ ಬೇಡ ಮಾರಾಯ್ರೇ, ರಾಯರ ಹಾಡು ಹಾಕಿ, ಸಾಕು” ಎಂದು ಕಳಿಸಿದರಂತೆ.

ಗ್ರಂಥಾಲಯದ ಹಾಲಿನಲ್ಲಿ ಭಾನುವಾರ ಮಧ್ಯಾಹ್ನ ಪ್ರದರ್ಶನ. ಊರಿಗೆ ಊರೇ ಬಂದಿತ್ತು. ಹಂಝಾಕ ಎಲ್ಲರಿಗಿಂತ ಹಿಂದೆ, ಬಾಗಿಲ ಪಕ್ಕದ ಕುರ್ಚಿಯಲ್ಲಿ. ‘ನಿಜ ಜೀವನದಿಂದ ಪ್ರೇರಿತ’ ಎಂಬ ಅಕ್ಷರ ಮೂಡಿತು. “ಪ್ರೇರಿತ ಅಂದ್ರೆ ಬೇಕಾದ್ದು ಇಟ್ಟು ಬೇಡದ್ದು ಬಿಡುವುದು” ಎಂದು ಅತ್ತೆ ನನ್ನ ಕಿವಿಯಲ್ಲಿ ಹೇಳಿದ್ದು ಮೂರು ಸಾಲಿಗೆ ಕೇಳಿಸಿತು. ಸಿನಿಮಾ ಚೆನ್ನಾಗಿಯೇ ಇತ್ತು. ಟೊಪ್ಪಿ ಇರಲಿಲ್ಲ, ಬೆಲ್ಟೂ ಇರಲಿಲ್ಲ. ನಾನು ನಿಟ್ಟುಸಿರು ಬಿಟ್ಟೆ. ಮತ್ತೆ ನೋಡಿದರೆ ಮ್ಯಾನೇಜರೇ ಇರಲಿಲ್ಲ! ವಿವಾದ ಬೇಡವೆಂದು ಪಾತ್ರವನ್ನೇ ಕಿತ್ತು ಹಾಕಿದ್ದರು. ಮೈಕು ತಾನಾಗಿ ಹುಟ್ಟುತ್ತಿತ್ತು, ಕಾರ್ಯಕ್ರಮಗಳು ಆಕಾಶದಿಂದ ಉದುರುತ್ತಿದ್ದವು. ವ್ಯಾನು ಬಂದು ನಿಂತಿತು, ಮಾವನ ಪಾತ್ರಧಾರಿ ಹಿಂದಿನ ಬಾಗಿಲಿನಿಂದ ಇಳಿದ. ಮುಂದೆ ಡ್ರೈವರಿನ ಸೀಟು ಖಾಲಿ.

“ವ್ಯಾನು ಯಾರು ಬಿಡುವುದು?” ಅತ್ತೆಯ ಧ್ವನಿ ಹಾಲಿನಲ್ಲೆಲ್ಲ ಮೊಳಗಿತು.

ಜನ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಅತ್ತೆ ನಗಲಿಲ್ಲ.

ಕೊನೆಗೆ ಹಾಡುಗಾರನ ಪತ್ನಿಗೆ ಸನ್ಮಾನ. ಶಾಲು, ಹಣ್ಣುಹಂಪಲು, ಎರಡು ಮಾತು ಆಡಿ ಎಂದು ಕೈಗೆ ಮೈಕು. ಈಗ ಅಮೆರಿಕದ ಮ್ಯಾನೇಜರು ಬರುತ್ತಾನೆ, ಉಪನ್ಯಾಸಕರ ಕಥೆ ಮುಗಿಯಿತು ಎಂದು ನಾನು ಹೆದರಿ ಕುಳಿತೆ. ಅತ್ತೆ ಗಂಟಲು ಸರಿಮಾಡಿಕೊಂಡಳು. ನನ್ನ ಲೆಕ್ಕ ತಪ್ಪಿತ್ತು. ಇಷ್ಟು ವರ್ಷ ಮ್ಯಾನೇಜರನ ಅರ್ಥವನ್ನೇ ಹೇಳಿದವಳು ಅಂದು ಹಾಡುಗಾರನ ಅರ್ಥ ಹಿಡಿದಳು.

“ಎಲೈ ಸಖನೇ, ನಾನು ಹಾಡುಗಾರ. ನನ್ನ ಗಂಟಲನ್ನು ಊರೆಲ್ಲ ಹೊಗಳಿತು. ಆದರೆ ಅಂದು ನನ್ನದೇ ಜಗಲಿಯಲ್ಲಿ, ನನ್ನದೇ ಎದುರಿನಲ್ಲಿ, ನಿನ್ನನ್ನು ನಿನ್ನ ಜನದ ಹೆಸರು ಹಿಡಿದು ಹಳಿದಾಗ, ಆ ಗಂಟಲಿನಿಂದ ಒಂದು ಮಾತು ಹೊರಡಲಿಲ್ಲ. ಆ ಮೌನವನ್ನು ಹೊತ್ತುಕೊಂಡು ನೀನು ಗೇಟು ದಾಟಿದೆ. ಅದನ್ನೇ ಹೊತ್ತುಕೊಂಡು ನಾನು ಸತ್ತೆ. ಸಖನೇ, ಇಂದು ಕೇಳುತ್ತಿದ್ದೇನೆ, ನನ್ನನ್ನು...”

ಅಲ್ಲಿಗೆ ಅತ್ತೆಯ ಸ್ವರ ಒಡೆಯಿತು. ಹಾಲಿನ ತಲೆಗಳೆಲ್ಲ ಬಾಗಿಲ ಕಡೆ ತಿರುಗಿದವು. ಹಂಝಾಕ ನಿಧಾನವಾಗಿ ಎದ್ದು ನಿಂತರು. ಅವರೂ ಇದೇ ಊರಿನವರು, ಯಕ್ಷಗಾನದ ಆಟ, ತಾಳಮದ್ದಳೆಯ ಕೂಟ ನೋಡುತ್ತಾ ಬೆಳೆದವರು, ಎದುರಿನವರ ಮಾತಿಗೆ ಉತ್ತರ ಕೊಡದೆ ಕೂರಬಾರದೆಂದು ತಿಳಿದವರು.

“ರಾಯರೇ, ಗಂಟಲು ಕಟ್ಟಿದೆ. ಮೊದಲು ಬಿಸಿನೀರು ಕುಡೀರಿ” ಅಂದರು. ಆಮೇಲೆ, “ವ್ಯಾನು ನಾನು ಬಿಡ್ತೇನೆ” ಅಂದರು.

ಅತ್ತೆ ಮೈಕನ್ನು ಮೇಜಿನ ಮೇಲಿಟ್ಟು, ಎರಡೂ ಕೈಗಳಿಂದ ಕಣ್ಣು ಮುಚ್ಚಿಕೊಂಡಳು. ತುಟಿ ಅಲುಗುತ್ತಿತ್ತು, ಏನು ಹೇಳಿದಳೆಂದು ಯಾರಿಗೂ ಕೇಳಿಸಲಿಲ್ಲ. ಆದರೂ ಅವಳ ಮಾತು ಮುಗಿಯುವವರೆಗೆ ಹಾಲಿನಲ್ಲಿ ಒಬ್ಬರೂ ಕದಲಲಿಲ್ಲ.